ಕೊಡಗಿನಿಂದ ವಿಮಾನ ಹತ್ತಲು ಯಾವ ನಿಲ್ದಾಣ? ಆಕಾಶದ ದೂರಕ್ಕಿಂತ ರಸ್ತೆಯ ಲೆಕ್ಕ ಮೊದಲು ಹಾಕಿ

ದಿಲ್ಲಿಗೆ ಒಂದು ಟಿಕೆಟ್ ನೋಡು ಅಂತ ಮನೆಯಲ್ಲಿ ಹೇಳಿದ ಕೂಡಲೇ ನಾವೆಲ್ಲ ಮಾಡುವುದು ಒಂದೇ ಕೆಲಸ. ಮೊಬೈಲಲ್ಲಿ ಬೆಂಗಳೂರು–ದಿಲ್ಲಿ ಅಂತ ಹೊಡೆಯುತ್ತೇವೆ. ಸುಮಾರು 1,700 ಕಿ.ಮೀ., ಎರಡೂಮುಕ್ಕಾಲು ಗಂಟೆ ಅಂತ ಬರುತ್ತದೆ. ಪರವಾಗಿಲ್ಲ, ಬೇಗ ತಲುಪಬಹುದು ಅಂದುಕೊಂಡು ಬುಕ್ ಮಾಡಿಬಿಡುತ್ತೇವೆ. ಆದರೆ ಆ ಎರಡೂಮುಕ್ಕಾಲು ಗಂಟೆ ದೇವನಹಳ್ಳಿ ಪಕ್ಕದಲ್ಲಿ ಮನೆ ಇರುವವರ ಲೆಕ್ಕ. ವಿರಾಜಪೇಟೆಯಿಂದಲೋ ನಾಪೋಕ್ಲಿನಿಂದಲೋ ಹೊರಡುವವರಿಗೆ ಅದಕ್ಕೂ ಮೊದಲು ಆರೇಳು ಗಂಟೆಯ ರಸ್ತೆ ಇದೆ, ಅದಾದ ಮೇಲೆ ನಿಲ್ದಾಣದೊಳಗೆ ಎರಡು ಗಂಟೆ ಇದೆ, ಆಮೇಲೆ ಆ ಹಾರಾಟ.

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ. ಕೂಡಿಗೆಯಲ್ಲಿ ಸಣ್ಣ ಏರ್‌ಸ್ಟ್ರಿಪ್ ಮಾಡುವ ಮಾತು ಆಗಾಗ ಕೇಳಿಬಂದಿದೆ, ಆದರೆ ಮುಂದಿನ ತಿಂಗಳಿಗೆ ಟಿಕೆಟ್ ಬೇಕಾದವರಿಗೆ ಅದು ಲೆಕ್ಕಕ್ಕಿಲ್ಲ. ನಮಗೆ ಇರುವುದು ಸುತ್ತಲಿನ ನಾಲ್ಕು: ಪಶ್ಚಿಮಕ್ಕೆ ಕಣ್ಣೂರು ಮತ್ತು ಮಂಗಳೂರು, ಪೂರ್ವಕ್ಕೆ ಮೈಸೂರು ಮತ್ತು ಬೆಂಗಳೂರು. ಕುಟ್ಟದ ಕಡೆಯವರಿಗೆ ಐದನೆಯದಾಗಿ ಕೋಯಿಕ್ಕೋಡ್ ಕೂಡ ಇದೆ. ಯಾವುದು ಒಳ್ಳೆಯದು ಅಂತ ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ನಿಮ್ಮ ಮನೆ ಕೊಡಗಿನ ಯಾವ ಮೂಲೆಯಲ್ಲಿದೆ, ತಿಂಗಳು ಯಾವುದು, ಹೋಗುವುದು ಎಲ್ಲಿಗೆ, ಇದೇ ಕ್ರಮದಲ್ಲಿ ನೋಡುತ್ತಾ ಹೋಗಬೇಕು. ಟಿಕೆಟ್ ದರ ಆಮೇಲೆ.

ಆಕಾಶದಲ್ಲಿ ವ್ಯತ್ಯಾಸ ಎಷ್ಟು?

ಮೊದಲು ಹಾರಾಟದ ದೂರ ನೋಡಿಬಿಡೋಣ, ಏಕೆಂದರೆ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಅದಕ್ಕೇ. ಇಲ್ಲಿ ಹೇಳುವುದೆಲ್ಲ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಭೂಮಿಯ ಮೇಲೆ ಎಳೆದ ನೇರ ಗೆರೆಯ ದೂರ. ವಿಮಾನ ದಾರಿಯಲ್ಲಿ ಸ್ವಲ್ಪ ಸುತ್ತುತ್ತದೆ, ಹಾಗಾಗಿ ನಿಜವಾಗಿ ಹಾರುವುದು ಇದಕ್ಕಿಂತ ತುಸು ಜಾಸ್ತಿ.

ದಿಲ್ಲಿಗೆ ಬೆಂಗಳೂರಿಂದ ಸುಮಾರು 1,700 ಕಿ.ಮೀ., ಮಂಗಳೂರಿಂದ 1,740, ಕಣ್ಣೂರಿಂದ 1,850. ಮುಂಬೈಗೆ ಮಂಗಳೂರೇ ಹತ್ತಿರ, ಸುಮಾರು 710 ಕಿ.ಮೀ. ಬೆಂಗಳೂರಿಂದ 830, ಕಣ್ಣೂರಿಂದ 840, ಅಂದರೆ ಇವೆರಡೂ ಹೆಚ್ಚುಕಡಿಮೆ ಒಂದೇ. ದುಬೈಗೆ ಮಂಗಳೂರಿಂದ 2,460, ಕಣ್ಣೂರಿಂದ 2,590, ಬೆಂಗಳೂರಿಂದ 2,700 ಆಸುಪಾಸು.

ಇನ್ನು ಇದನ್ನು ಸಮಯಕ್ಕೆ ಇಳಿಸಿ. ಎ320 ಥರದ ಜೆಟ್ ವಿಮಾನ ಎತ್ತರಕ್ಕೆ ಹೋದ ಮೇಲೆ ಗಂಟೆಗೆ 800 ಕಿ.ಮೀ.ಗಿಂತ ಮೇಲಿನ ವೇಗದಲ್ಲಿ ಹೋಗುತ್ತದೆ. ಹಾಗಾಗಿ ದಿಲ್ಲಿಗೆ ಕಣ್ಣೂರಿಂದ ಜಾಸ್ತಿ ಇರುವ ಆ 150 ಕಿ.ಮೀ. ಹನ್ನೊಂದು ಹನ್ನೆರಡು ನಿಮಿಷದ ಮಾತು. ಅದೇ 150 ಕಿ.ಮೀ. ನಮ್ಮ ರಸ್ತೆಯಲ್ಲಿ ಎಷ್ಟು ಹೊತ್ತು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ.

ಟಿಕೆಟ್ಟಿನಲ್ಲಿ ಬರೆದಿರುವ ಸಮಯ ಗಾಳಿಯಲ್ಲಿರುವ ಸಮಯ ಮಾತ್ರ ಅಲ್ಲ ಅನ್ನುವುದೂ ನೆನಪಿರಲಿ. ಈ ನಿಲ್ದಾಣದಲ್ಲಿ ನಿಂತ ಜಾಗದಿಂದ ಕದಲಿದ ಹೊತ್ತಿನಿಂದ ಆ ನಿಲ್ದಾಣದಲ್ಲಿ ಹೋಗಿ ನಿಲ್ಲುವ ತನಕದ ಲೆಕ್ಕ ಅದು. ರನ್‌ವೇಗೆ ತೆವಳುವುದು, ಸರದಿಗೆ ಕಾಯುವುದು, ಮೇಲೇರುವುದು, ಇಳಿಯಲು ಸುತ್ತುವುದು ಎಲ್ಲ ಅದರೊಳಗೇ ಇದೆ. ಅದಕ್ಕೇ ದೂರ ಅರ್ಧ ಆದರೆ ಸಮಯ ಅರ್ಧ ಆಗುವುದಿಲ್ಲ. ಕಣ್ಣೂರಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ ಬರೀ 275 ಕಿ.ಮೀ., ಆದರೂ ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಇರುತ್ತದೆ.

ದುಬೈ ಕಡೆ ಹೋಗುವವರಿಗೆ ಗಡಿಯಾರದ ವಿಚಾರ ಒಂದಿದೆ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಮಂಗಳೂರಿಂದ ಬೆಳಿಗ್ಗೆ 10ಕ್ಕೆ ಹೊರಟು ಅಲ್ಲಿ 12ಕ್ಕೆ ಇಳಿಯುತ್ತದೆ ಅಂತ ಟಿಕೆಟ್ಟಿನಲ್ಲಿದ್ದರೆ ಅದು ಎರಡು ಗಂಟೆಯ ಪ್ರಯಾಣ ಅಲ್ಲ, ಮೂರೂವರೆ ಗಂಟೆಯದು. ಬರುವಾಗ ಉಲ್ಟಾ, ಕಾಗದದಲ್ಲಿ ಸಿಕ್ಕಾಪಟ್ಟೆ ಉದ್ದ ಕಾಣುತ್ತದೆ. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಜೋರಾಗಿ ಬೀಸುವುದರಿಂದ ಹೋಗುವುದಕ್ಕಿಂತ ಬರುವ ಹಾರಾಟ ಸ್ವಲ್ಪ ಬೇಗ ಮುಗಿಯುವುದೂ ಉಂಟು.

ಒಟ್ಟಿನಲ್ಲಿ ಆಕಾಶದಲ್ಲಿ ಈ ನಿಲ್ದಾಣಗಳ ನಡುವೆ ಇರುವ ವ್ಯತ್ಯಾಸ ಹತ್ತು ಹದಿನೈದು ನಿಮಿಷ. ನೆಲದ ಮೇಲೆ ನಾಲ್ಕೈದು ಗಂಟೆ. ನನಗೆ ಹೇಳಬೇಕಾಗಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಕಣ್ಣೂರು: ದಕ್ಷಿಣ ಕೊಡಗಿನ ನಿಜವಾದ ನಿಲ್ದಾಣ

2018ರ ಡಿಸೆಂಬರ್ 9ರಂದು ಮಟ್ಟನ್ನೂರಿನ ಹತ್ತಿರ ಈ ನಿಲ್ದಾಣ ಶುರುವಾಯಿತು. ಅಲ್ಲಿಯವರೆಗೆ ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯವರಿಗೆ ವಿಮಾನ ಅಂದರೆ ಒಂದು ದಿನ ಮೊದಲೇ ಮನೆ ಬಿಡುವ ಕೆಲಸ ಆಗಿತ್ತು. ಈಗ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ, ಮಟ್ಟನ್ನೂರು ದಾಟಿ ನಿಲ್ದಾಣ ಸೇರಲು 60–65 ಕಿ.ಮೀ. ಎರಡು ಗಂಟೆ ಇಟ್ಟುಕೊಳ್ಳಿ. ಮಡಿಕೇರಿಯಿಂದ ಸುಮಾರು 90 ಕಿ.ಮೀ., ಎರಡೂಮುಕ್ಕಾಲರಿಂದ ಮೂರು ಗಂಟೆ. ಮಡಿಕೇರಿಯಿಂದ ಈ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 60 ಕಿ.ಮೀ. ಕೂಡ ಇಲ್ಲ. ಬೆಟ್ಟ ಅಡ್ಡ ಇರುವುದಕ್ಕೆ ಅಷ್ಟು ಸುತ್ತು.

ದಾರಿಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಣ್ಣೂರು ಬೇಕಾ ಬೇಡವಾ ಅನ್ನುವುದು ಮಾಕುಟ್ಟ ಘಾಟಿಯ ಮೇಲೆ ನಿಂತಿದೆ. ಪೆರುಂಬಾಡಿ ಗೇಟು ದಾಟಿದ ಮೇಲೆ ಕಾಫಿ ತೋಟ ಮುಗಿದು ಕಾಡು ಶುರುವಾಗುತ್ತದೆ. ಅಲ್ಲಿಂದ ಗಡಿಯ ತನಕ ಮನೆ ಇಲ್ಲ, ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ. ರಸ್ತೆ ಕಿರಿದು, ತಿರುವಿನಲ್ಲಿ ಎದುರಿಂದ ಕೇರಳದ ಬಸ್ಸು ಬಂದರೆ ಒಬ್ಬರು ಹಿಂದೆ ತೆಗೆಯಬೇಕಾದ ಜಾಗಗಳಿವೆ. ಬೆಳಗಿನ ಜಾವ ಮಂಜು ಇಳಿದಿದ್ದರೆ ಗಾಡಿಯ ಲೈಟು ಹತ್ತಡಿ ಮುಂದಕ್ಕೂ ಬೀಳುವುದಿಲ್ಲ, ಕಾಡಾನೆ ರಸ್ತೆ ಬದಿಯಲ್ಲಿ ಬಿದಿರು ಮುರಿಯುತ್ತಾ ನಿಂತಿದ್ದರೆ ಅದು ತಾನಾಗಿ ಸರಿಯುವ ತನಕ ಎಂಜಿನ್ ಆಫ್ ಮಾಡಿ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ. ಹಾರ್ನ್ ಹೊಡೆಯಲೇಬೇಡಿ. ಬೆಳಿಗ್ಗೆ ಆರು ಏಳು ಗಂಟೆಯ ವಿಮಾನ ಇದ್ದರೆ ಈ ಕಾಡನ್ನು ರಾತ್ರಿಯಲ್ಲೇ ದಾಟಬೇಕಾಗುತ್ತದೆ ಅನ್ನುವುದು ತಲೆಯಲ್ಲಿರಲಿ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಹಿಂದಿನ ಸಂಜೆಯೇ ಘಾಟಿ ಇಳಿದು ಇರಿಟ್ಟಿಯಲ್ಲೋ ಮಟ್ಟನ್ನೂರಿನಲ್ಲೋ ಒಂದು ರೂಮು ಮಾಡಿಕೊಂಡು ಮಲಗುವುದು ಎಷ್ಟೋ ವಾಸಿ. ಇಲ್ಲವೇ ಹನ್ನೊಂದು ಗಂಟೆಯ ಮೇಲಿನ ವಿಮಾನವನ್ನೇ ಹುಡುಕಿ.

ಕೂಟುಪುಳದ ಹಳೆಯ ಕಿರಿದಾದ ಸೇತುವೆಯ ಪಕ್ಕದಲ್ಲಿ 2022ರಲ್ಲಿ ಹೊಸದು ಬಂದಿದೆ, ಅಲ್ಲಿ ಮೊದಲಿನ ಹಾಗೆ ಕಾಯುವುದು ತಪ್ಪಿದೆ. ಅಲ್ಲಿಂದ ಮುಂದೆ ಕೇರಳದ ರಸ್ತೆ ಚೆನ್ನಾಗಿದೆ, ಆದರೆ ಊರು ಬಿಟ್ಟು ಊರು ಇಲ್ಲ, ಸಾಲಾಗಿ ಪೇಟೆಗಳೇ. ವೇಗ ಸಿಗುವುದಿಲ್ಲ.

ಟ್ಯಾಕ್ಸಿ ಗೊತ್ತು ಮಾಡುವಾಗ ಒಂದು ಮಾತು ಮೊದಲೇ ಕೇಳಿಬಿಡಿ: ಕೇರಳದ ಪರ್ಮಿಟ್, ತೆರಿಗೆ ಎಲ್ಲ ಹೇಳಿದ ರೇಟಿನಲ್ಲೇ ಸೇರಿದೆಯಾ ಅಂತ. ಗಡಿಯಲ್ಲಿ ನಿಂತು ಆ ಮಾತು ಶುರುವಾದರೆ ಕಷ್ಟ. ಬಸ್ಸಿನಲ್ಲಿ ಹೋಗುವುದಾದರೆ ಬೆಂಗಳೂರು–ಕಣ್ಣೂರು ಬಸ್ಸುಗಳು ವಿರಾಜಪೇಟೆ ಮೇಲೆಯೇ ಇರಿಟ್ಟಿ, ಮಟ್ಟನ್ನೂರಿಗೆ ಹೋಗುತ್ತವೆ. ಮಟ್ಟನ್ನೂರಿನಲ್ಲಿ ಇಳಿದರೆ ನಿಲ್ದಾಣಕ್ಕೆ ಆಟೋ ಸಿಗುತ್ತದೆ.

ನಿಲ್ದಾಣ ದೊಡ್ಡದು, ರನ್‌ವೇ 3,050 ಮೀಟರ್, ಆದರೆ ಜನ ಕಡಿಮೆ. ಬಾಗಿಲಿನಿಂದ ಸೆಕ್ಯುರಿಟಿ ತನಕ ಬೆಂಗಳೂರಿನ ಅರ್ಧ ಹೊತ್ತು ಸಾಕು. ಕೊರತೆ ಇರುವುದು ವಿಮಾನಗಳದ್ದು. ವಿದೇಶಿ ಕಂಪನಿಗಳಿಗೆ ಅಲ್ಲಿಂದ ಹಾರಲು ಅನುಮತಿ ಸಿಕ್ಕಿಲ್ಲ, ಹಾಗಾಗಿ ಕೊಲ್ಲಿ ದೇಶಗಳಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೋ ಇವೆರಡನ್ನೇ ನಂಬಿಕೊಳ್ಳಬೇಕು. ದುಬೈ, ಅಬುಧಾಬಿ, ಶಾರ್ಜಾ, ಮಸ್ಕತ್, ದೋಹಾದಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದು ವರ. ದೇಶದೊಳಗೆ ಬೆಂಗಳೂರು, ಮುಂಬೈ, ಹೈದರಾಬಾದ್, ಚೆನ್ನೈ ಥರದ ಕೆಲವೇ ಊರು, ದಿನಕ್ಕೆ ಒಂದೋ ಎರಡೋ. ಒಂದು ತಪ್ಪಿದರೆ ಇನ್ನೊಂದು ಗಂಟೆಯಲ್ಲಿ ಮತ್ತೊಂದು ಸಿಗುತ್ತದೆ ಅನ್ನುವ ಧೈರ್ಯ ಇಲ್ಲಿ ಇಲ್ಲ.

ಮಂಗಳೂರು: ಸಂಪಾಜೆ ಇಳಿಯುವವರಿಗೆ

ಮಡಿಕೇರಿಯಿಂದ ಮಂಗಳೂರು ನಿಲ್ದಾಣ ಇರುವ ಬಜ್ಪೆಗೆ ಸುಮಾರು 140 ಕಿ.ಮೀ. ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ.ರೋಡ್. ಮೂರೂವರೆ ಗಂಟೆ ಅಂತ ಹೇಳುತ್ತಾರೆ, ನಾನಾದರೆ ನಾಲ್ಕು ಇಟ್ಟುಕೊಳ್ಳುತ್ತೇನೆ. ಬಿ.ಸಿ.ರೋಡಿನಿಂದ ಮಂಗಳೂರು ಪೇಟೆಗೆ ಹೋಗದೆ ಪೊಳಲಿ, ಕೈಕಂಬ ಮೂಲಕ ನೇರ ಬಜ್ಪೆಗೆ ಹೋಗುವ ದಾರಿ ಇದೆ. ಪಂಪ್‌ವೆಲ್, ನಂತೂರು ಕಡೆಯ ಟ್ರಾಫಿಕ್ ತಪ್ಪುತ್ತದೆ. ಹೊರಗಿನ ಡ್ರೈವರ್ ಆದರೆ ಇದನ್ನು ಮೊದಲೇ ಹೇಳಿಡಿ.

ಮದೆನಾಡು, ಸಂಪಾಜೆ, ಚೆಂಬು, ಪೆರಾಜೆ ಕಡೆಯವರಿಗೆ ಮಂಗಳೂರು ಬಿಟ್ಟು ಬೇರೆ ಯೋಚನೆ ಬೇಡ. ಭಾಗಮಂಡಲ, ನಾಪೋಕ್ಲಿನವರು ಕಣ್ಣೂರು, ಮಂಗಳೂರು ಎರಡನ್ನೂ ತೂಗಿ ನೋಡಬೇಕು. ಮುಂಬೈಗೆ ಹೋಗುವುದಾದರೆ ಮಂಗಳೂರಿಂದ ವಿಮಾನಗಳೂ ಜಾಸ್ತಿ, ಹಾರಾಟವೂ ಚಿಕ್ಕದು.

ಇಲ್ಲಿಯ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು, 2,450 ಮೀಟರ್ ಉದ್ದ, ತುದಿಯಲ್ಲಿ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಲ್ಲೇ ರನ್‌ವೇ ದಾಟಿ ಹೋಗಿ 158 ಜನ ತೀರಿಕೊಂಡರು. ಕರಾವಳಿಯ ಮನೆಗಳಲ್ಲಿ ಅದು ಇವತ್ತಿಗೂ ಮರೆಯದ ದುಃಖ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಇಂಥ ರನ್‌ವೇ ಇರುವ ಕಡೆ ಮಳೆ, ಮೋಡ ದಟ್ಟವಾದಾಗ ಪೈಲಟ್‌ಗಳು ಸುಮ್ನೆ ಧೈರ್ಯ ಮಾಡುವುದಿಲ್ಲ, ಮಾಡಲೂ ಬಾರದು. ಮಳೆಗಾಲದಲ್ಲಿ ಮಂಗಳೂರಿಗೆ ಬರಬೇಕಾದ ವಿಮಾನ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗುವುದುಂಟು. ಅದೇ ವಿಮಾನದಲ್ಲಿ ನೀವು ಮುಂದಕ್ಕೆ ಹೋಗಬೇಕಾಗಿದ್ದರೆ ನಿಮ್ಮ ದಿನವೂ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿಂದ ಹೊರಡುವವರು ಮುಂದಿನ ಕನೆಕ್ಷನ್‌ಗೆ ಮೂರು ನಾಲ್ಕು ಗಂಟೆ ಅಂತರ ಇಟ್ಟುಕೊಳ್ಳುವುದು ಒಳ್ಳೆಯದು.

ಮೈಸೂರು: ಹತ್ತಿರ ಇದೆ, ಆದರೆ

ಮೈಸೂರಿನ ಮಂಡಕಳ್ಳಿ ನಿಲ್ದಾಣ ಕುಶಾಲನಗರದಿಂದ ಸುಮಾರು 95 ಕಿ.ಮೀ., ಎರಡು ಗಂಟೆ ಚಿಲ್ಲರೆ. ಮಡಿಕೇರಿಯಿಂದ ಮೂರು ಗಂಟೆಯೊಳಗೆ. ಘಾಟಿ ಇಲ್ಲ, ಗಡಿ ಇಲ್ಲ, ರಸ್ತೆ ಚೆನ್ನಾಗಿದೆ. ಎಲ್ಲ ಸರಿ, ರನ್‌ವೇ ಮಾತ್ರ 1,740 ಮೀಟರ್. ದೊಡ್ಡ ಜೆಟ್ ಇಳಿಯಲು ಸಾಲದು. ರೆಕ್ಕೆಯ ಮೇಲೆ ಫ್ಯಾನ್ ಇರುವ ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ವಿಮಾನ ಮಾತ್ರ ಬರುತ್ತದೆ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಮೈಸೂರಿಂದ ಹೈದರಾಬಾದಿಗೆ 585 ಕಿ.ಮೀ.ಗೆ ಅದು ಎರಡು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಬೆಂಗಳೂರಿಂದ ಜೆಟ್‌ನಲ್ಲಿ 455 ಕಿ.ಮೀ., ಒಂದೂಕಾಲು ಗಂಟೆ. ಆದರೂ ಕುಶಾಲನಗರದವರು ಹೈದರಾಬಾದಿಗೆ ಹೋಗುವುದಾದರೆ ಮೈಸೂರಿಂದ ಹೋಗುವುದೇ ಸರಿ, ರಸ್ತೆಯಲ್ಲಿ ಮೂರು ಗಂಟೆ ಉಳಿಯುತ್ತದೆ ಅಲ್ವಾ?

ತೊಂದರೆ ಏನೆಂದರೆ ಇಲ್ಲಿಯ ವಿಮಾನಗಳು ಬರುತ್ತವೆ, ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ. ಹೈದರಾಬಾದ್, ಚೆನ್ನೈ ಬಿಟ್ಟರೆ ಬೇರೆ ಊರನ್ನು ನಂಬಿಕೊಂಡು ಯೋಜನೆ ಹಾಕಬೇಡಿ. ಚೆನ್ನೈಗಾದರೆ ಮೈಸೂರಿಂದ ವಂದೇ ಭಾರತ್ ರೈಲೂ ಇದೆ, ಆರೂವರೆ ಗಂಟೆ. ನಿಲ್ದಾಣದಲ್ಲಿ ಕಾಯುವುದನ್ನೆಲ್ಲ ಸೇರಿಸಿದರೆ ವಿಮಾನಕ್ಕೂ ಅದಕ್ಕೂ ನೀವು ಅಂದುಕೊಂಡಷ್ಟು ಅಂತರ ಇಲ್ಲ.

ಬೆಂಗಳೂರು: ದೂರ, ಆದರೆ ಎಲ್ಲವೂ ಸಿಗುತ್ತದೆ

ಮಡಿಕೇರಿಯಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹತ್ತಿರ ಹತ್ತಿರ 300 ಕಿ.ಮೀ. 2023ರ ಮಾರ್ಚ್‌ನಲ್ಲಿ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಆ 118 ಕಿ.ಮೀ. ಭಾಗ ಒಂದೂವರೆ ಗಂಟೆಯ ಹತ್ತಿರಕ್ಕೆ ಇಳಿದಿದೆ. ಬಹಳ ಜನ ಇದನ್ನೇ ನೋಡಿ ಈಗ ಬೆಂಗಳೂರು ಹತ್ತಿರ ಆಯ್ತು ಅನ್ನುತ್ತಾರೆ. ನಿಜ, ಕೆಂಗೇರಿ ತನಕ ಹತ್ತಿರ ಆಯ್ತು. ಕೆಂಗೇರಿಯಿಂದ ದೇವನಹಳ್ಳಿ ಮೊದಲಿನಷ್ಟೇ ದೂರ. ಊರೊಳಗೆ ನುಗ್ಗಿ ಹೆಬ್ಬಾಳ ಮೇಲ್ಸೇತುವೆಯ ಬುಡದಲ್ಲಿ ಸಂಜೆ ಆರು ಗಂಟೆಗೆ ಸಿಕ್ಕಿಕೊಂಡರೆ ಮಡಿಕೇರಿಯಿಂದ ಮೈಸೂರಿಗೆ ಬಂದಷ್ಟೇ ಹೊತ್ತು ಊರು ದಾಟಲು ಬೇಕಾಗಬಹುದು. ನೈಸ್ ರಸ್ತೆ ಹತ್ತಿ ತುಮಕೂರು ರಸ್ತೆಗೆ ಬಿದ್ದು, ನೆಲಮಂಗಲ–ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬರುವುದು ಕಿಲೋಮೀಟರಿನಲ್ಲಿ ಜಾಸ್ತಿ, ಆದರೆ ಇಷ್ಟು ಹೊತ್ತಿಗೆ ತಲುಪುತ್ತೇವೆ ಅಂತ ಹೇಳಬಹುದಾದ ದಾರಿ. ವಿಮಾನಕ್ಕೆ ಹೋಗುವವರಿಗೆ ಬೇಗ ಅನ್ನುವುದಕ್ಕಿಂತ ಖಾತ್ರಿ ಅನ್ನುವುದು ಮುಖ್ಯ.

ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಯವರು ಮೈಸೂರಿಗೆ ಇಳಿಯುವುದೇ ಬೇಡ. ಹಾಸನ ಕಡೆಗೆ ಹೋಗಿ ಚನ್ನರಾಯಪಟ್ಟಣ, ಕುಣಿಗಲ್ ಬೈಪಾಸ್, ನೆಲಮಂಗಲ. ಐದು ಗಂಟೆ ಚಿಲ್ಲರೆಯಲ್ಲಿ ಊರೊಳಗೆ ಕಾಲಿಡದೆ ನಿಲ್ದಾಣ ಸೇರಬಹುದು. ಉತ್ತರ ಕೊಡಗಿನವರಿಗೆ ನನ್ನ ಪ್ರಕಾರ ಬೆಂಗಳೂರೇ ಸರಿ. ಅವರು ಮಡಿಕೇರಿಗೆ ಬಂದು ಘಾಟಿ ಇಳಿದು ಮಂಗಳೂರು ಸೇರುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ವಿಮಾನಗಳ ಆಯ್ಕೆಯಲ್ಲಿ ಮಾತ್ರ ಅಜಗಜಾಂತರ.

ಲಂಡನ್, ಫ್ರಾಂಕ್‌ಫರ್ಟ್, ಪ್ಯಾರಿಸ್, ಸಿಂಗಾಪುರ ಅಂತ ಹೋಗುವವರು ಕೊಡಗಿನ ಯಾವ ಮೂಲೆಯವರಾದರೂ ಬೆಂಗಳೂರನ್ನೇ ನೋಡಬೇಕು. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಟಿಕೆಟ್ಟಿನಲ್ಲಿ ಟರ್ಮಿನಲ್ ನೋಡಿಕೊಂಡು ಡ್ರೈವರ್‌ಗೆ ಹೇಳಿ.

ಬಸ್ಸಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿಂದ ನೇರ ನಿಲ್ದಾಣಕ್ಕೆ ಹೋಗುತ್ತದೆ, ಟರ್ಮಿನಲ್ ಬಾಗಿಲಲ್ಲೇ ಇಳಿಸುತ್ತದೆ. ಒಬ್ಬರೇ ಹೋಗುವಾಗ ಇದಕ್ಕಿಂತ ಒಳ್ಳೆಯದು ಇಲ್ಲ. ಮಡಿಕೇರಿಯಿಂದ ಸಾಮಾನ್ಯ ಬಸ್ಸಿನಲ್ಲಿ ಬಂದರೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಪಕ್ಕದ ದೀಪಾಂಜಲಿ ನಗರದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್, ಅಲ್ಲಿಂದ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸು. ಬ್ಯಾಗು ಒಂದೇ ಇದ್ದರೆ ಸರಿ. ಮೂರು ಬ್ಯಾಗು, ಒಂದು ಅಕ್ಕಿ ಚೀಲ ಅಂತ ಇದ್ದರೆ ಬೇಡ.

ಒಂದು ಪೂರ್ತಿ ಲೆಕ್ಕ

ವಿರಾಜಪೇಟೆಯಿಂದ ದಿಲ್ಲಿಗೆ ಅಂತಲೇ ಇಟ್ಟುಕೊಳ್ಳಿ. ಸೈನ್ಯದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರಿಗೆ ನಮ್ಮಲ್ಲಿ ಇದು ಮಾಮೂಲು ಪ್ರಯಾಣ.

ಕಣ್ಣೂರಿಂದ ನೇರ ವಿಮಾನ ಸಿಕ್ಕರೆ ರಸ್ತೆ ಎರಡು ಗಂಟೆ, ನಿಲ್ದಾಣದಲ್ಲಿ ಎರಡು, ಹಾರಾಟ ಮೂರು. ಒಟ್ಟು ಏಳು. ಬೆಂಗಳೂರಿಗೆ ಕಾರಲ್ಲಿ ಹೋಗಿ ಹತ್ತುವುದಾದರೆ ಹುಣಸೂರು, ಮೈಸೂರು ಮೇಲೆ ರಸ್ತೆಯೇ ಆರರಿಂದ ಆರೂವರೆ, ನಿಲ್ದಾಣದಲ್ಲಿ ಎರಡು, ಹಾರಾಟ ಎರಡೂಮುಕ್ಕಾಲು. ಹನ್ನೊಂದು ಗಂಟೆ, ಅದೂ ದಾರಿಯಲ್ಲಿ ಊಟಕ್ಕೆ ನಿಲ್ಲದಿದ್ದರೆ.

ಜನ ಲೆಕ್ಕಕ್ಕೇ ತೆಗೆದುಕೊಳ್ಳದ ಮೂರನೇ ದಾರಿ ಒಂದಿದೆ. ಕಣ್ಣೂರಲ್ಲಿ ಹತ್ತಿ ಬೆಂಗಳೂರಲ್ಲಿ ವಿಮಾನ ಬದಲಿಸುವುದು. ರಸ್ತೆ ಎರಡು, ಕಣ್ಣೂರು ನಿಲ್ದಾಣದಲ್ಲಿ ಒಂದೂವರೆ, ಹಾರಾಟ ಒಂದೂಕಾಲು, ಬೆಂಗಳೂರಲ್ಲಿ ಕಾಯುವುದು ಎರಡು, ಮತ್ತೆ ಎರಡೂಮುಕ್ಕಾಲು. ಒಂಬತ್ತೂವರೆ ಗಂಟೆ. ಕನೆಕ್ಷನ್ ಇದ್ದರೂ ಕಾರಲ್ಲಿ ಬೆಂಗಳೂರಿಗೆ ಹೋಗುವುದಕ್ಕಿಂತ ಬೇಗ, ಮೈ ಕೈಯೂ ನೋಯುವುದಿಲ್ಲ. ಆದರೆ ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಆಗ ಬ್ಯಾಗು ಕಣ್ಣೂರಲ್ಲಿ ಕೊಟ್ಟರೆ ದಿಲ್ಲಿಯಲ್ಲಿ ಸಿಗುತ್ತದೆ, ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಕಳಿಸುವ ಜವಾಬ್ದಾರಿ ಕಂಪನಿಯದು. ನಾಲ್ಕು ಕಾಸು ಉಳಿಯುತ್ತದೆ ಅಂತ ಬೇರೆ ಬೇರೆಯಾಗಿ ಬುಕ್ ಮಾಡಿದರೆ ಆ ಜವಾಬ್ದಾರಿ ಪೂರ್ತಿ ನಿಮ್ಮದೇ.

ದುಡ್ಡಿನ ಲೆಕ್ಕವನ್ನೂ ಹೀಗೇ ಮನೆ ಬಾಗಿಲಿನಿಂದ ಹಾಕಿ. ಬಾಡಿಗೆ ಕಾರು ನಿಮ್ಮನ್ನು ಬಿಟ್ಟು ಖಾಲಿ ವಾಪಸ್ ಬರುತ್ತದೆ, ಎರಡು ಕಡೆಯ ದುಡ್ಡೂ ನೀವೇ ಕೊಡುವುದು. ವಿರಾಜಪೇಟೆಯಿಂದ ಕಣ್ಣೂರಿಗೆ ಅದು 130 ಕಿ.ಮೀ.ಯ ಬಾಡಿಗೆ. ಬೆಂಗಳೂರಿಗೆ 600ರ ಹತ್ತಿರ, ಜೊತೆಗೆ ಎಕ್ಸ್‌ಪ್ರೆಸ್‌ವೇ ಟೋಲ್, ನೈಸ್ ಟೋಲ್, ನಿಲ್ದಾಣದ ಹತ್ತಿರ ಸಾದಹಳ್ಳಿ ಟೋಲ್, ಡ್ರೈವರ್ ಭತ್ಯೆ. ಕಣ್ಣೂರಿಂದ ಟಿಕೆಟ್ ದರ ಒಂದೆರಡು ಸಾವಿರ ಜಾಸ್ತಿ ಕಂಡರೂ ಈ ಮೊತ್ತ ಸೇರಿಸಿದ ಮೇಲೆ ಯಾವುದು ಅಗ್ಗ ಅಂತ ನೋಡಿ. ನಾಲ್ಕು ಜನ ಒಂದೇ ಕಾರಲ್ಲಿ ಹೋಗುವುದಾದರೆ ಲೆಕ್ಕ ಬದಲಾಗುತ್ತದೆ, ಆಗ ಬೆಂಗಳೂರು ಅಗ್ಗ ಆಗಲೂಬಹುದು.

ಕುಟ್ಟ, ಶ್ರೀಮಂಗಲದ ಕಡೆಯವರು ಮಾನಂದವಾಡಿ ಮೇಲೆ ಕೋಯಿಕ್ಕೋಡಿನ ಕರಿಪುರಕ್ಕೆ ಹೋಗಬಹುದು, ಕೊಲ್ಲಿಗೆ ವಿಮಾನಗಳು ಅಲ್ಲಿಂದ ಬಹಳ. ಆದರೆ ತಾಮರಶ್ಶೇರಿ ಚುರದ (ಘಾಟಿಯ) ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಶನಿವಾರ ಭಾನುವಾರ ವಾಹನ ಸಾಲುಗಟ್ಟಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಕಣ್ಣೂರಿಂದ ವಿಮಾನ ಇಲ್ಲದ ಊರಿಗೆ ಮಾತ್ರ ಇದನ್ನು ನೋಡಿ. ನಾಗರಹೊಳೆ ಕಾಡಿನ ರಸ್ತೆ ಸಂಜೆ ಆರಕ್ಕೆ ಮುಚ್ಚುತ್ತದೆ, ಕುಟ್ಟದಿಂದ ಆ ಕಡೆ ಹುಣಸೂರಿಗೆ ಹೋಗುವವರು ಅದನ್ನು ನಂಬಿ ರಾತ್ರಿ ಹೊರಡಬೇಡಿ. ಗೋಣಿಕೊಪ್ಪ, ತಿತಿಮತಿ ಮೇಲೆ ಬನ್ನಿ.

ಮಳೆಗಾಲ ಅಂದರೆ ಬೇರೆಯೇ ಲೆಕ್ಕ

ಮೇಲೆ ಹೇಳಿದ್ದೆಲ್ಲ ಅಕ್ಟೋಬರ್‌ನಿಂದ ಮೇ ತನಕದ ಮಾತು. ಜೂನ್ ಬಂತೆಂದರೆ ಹೊಸದಾಗಿ ಲೆಕ್ಕ ಹಾಕಿ. 2018ರ ಮಳೆಯಲ್ಲಿ ಮಾಕುಟ್ಟ ರಸ್ತೆಯೂ ಕುಸಿಯಿತು, ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಬರೆ (ರಸ್ತೆ ಬದಿಯ ಗುಡ್ಡದ ಮಣ್ಣು) ಜರಿದು ಮಡಿಕೇರಿ–ಸಂಪಾಜೆ ರಸ್ತೆಯೂ ಬಂದ್ ಆಯಿತು. 2024ರ ಜುಲೈಯಲ್ಲಿ ಮದೆನಾಡಿನ ಕರ್ತೋಜಿಯಲ್ಲಿ ಬರೆ ಜಾರುವ ಭಯದಿಂದ ರಾತ್ರಿ ಸಂಚಾರ ನಿಲ್ಲಿಸಿದರು. ಅಂದರೆ ಪಶ್ಚಿಮದ ಎರಡೂ ನಿಲ್ದಾಣಗಳ ದಾರಿ ಒಂದೇ ರಾತ್ರಿಯಲ್ಲಿ ಕೈ ತಪ್ಪಬಹುದು.

ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ತಪ್ಪಿಸಲಾಗದ ಪ್ರಯಾಣ, ಅಂದರೆ ವೀಸಾ ಮುಗಿಯುವುದು, ಇಂಟರ್‌ವ್ಯೂ, ಆಸ್ಪತ್ರೆ, ಇಂಥದ್ದಿದ್ದರೆ ದೂರವಾದರೂ ಬೆಂಗಳೂರನ್ನೇ ಹಿಡಿಯಿರಿ ಅನ್ನುತ್ತೇನೆ. ಪೂರ್ವದ ಕಡೆಯ ರಸ್ತೆಗೆ ತೊಂದರೆಯೇ ಇಲ್ಲ ಅಂತಲ್ಲ, ಮರ ಬೀಳುತ್ತದೆ, ಕುಶಾಲನಗರದಲ್ಲಿ ಕಾವೇರಿ ಉಕ್ಕಿದ್ದೂ ಉಂಟು. ಆದರೆ ಅಲ್ಲಿ ಒಂದು ದಾರಿ ಮುಚ್ಚಿದರೆ ಇನ್ನೊಂದು ಇರುತ್ತದೆ, ಘಾಟಿಯಲ್ಲಿ ಹಾಗಲ್ಲ. ಮುಂದೆ ಹಾಕಬಹುದಾದ ಪ್ರಯಾಣವಾದರೆ ಕಣ್ಣೂರನ್ನೇ ಬುಕ್ ಮಾಡಿ, ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ಸೂಚನೆ ನೋಡಿ, ವಿರಾಜಪೇಟೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಬ್ಬರಿಗೆ ಫೋನ್ ಮಾಡಿ ಕೇಳಿ. ಅವರಿಗೆ ಆ ಬೆಳಿಗ್ಗೆ ಮಾಕುಟ್ಟ ಹೇಗಿದೆ ಅಂತ ಯಾವ ಮ್ಯಾಪ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಎಲ್ಲ ಸರಿ ಇರುತ್ತದೆ, ದಿಲ್ಲಿಯಲ್ಲಿ ಮಂಜು. ಅಲ್ಲಿಂದ ಬೆಳಗಿನ ವಿಮಾನ ಗಂಟೆಗಟ್ಟಲೆ ತಡವಾಗುವುದು ಪ್ರತಿ ವರ್ಷದ ಕಥೆ. ಮಧ್ಯಾಹ್ನ ಹೊರಡುವುದನ್ನು ಆರಿಸಿ.

ಬುಕ್ ಮಾಡುವ ಮೊದಲು, ಹೊರಡುವ ಮೊದಲು

ವಿಮಾನ ಕಂಪನಿಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಕಣ್ಣೂರು, ಮೈಸೂರಿನಂಥ ಸಣ್ಣ ನಿಲ್ದಾಣಗಳಲ್ಲಿ ಈ ಬದಲಾವಣೆ ಜೋರಾಗಿಯೇ ತಟ್ಟುತ್ತದೆ. ಹೋದ ವರ್ಷ ಭಾವ ಹೋಗಿದ್ದ ನೇರ ವಿಮಾನ ಈ ವರ್ಷವೂ ಇದೆ ಅಂತ ಅಂದುಕೊಳ್ಳಬೇಡಿ.

ದೇಶದೊಳಗಿನ ವಿಮಾನಕ್ಕೆ ಬ್ಯಾಗು ಕೊಡುವ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ, ಗೇಟು 25 ನಿಮಿಷ ಮೊದಲು. ಹತ್ತು ನಿಮಿಷ ತಡವಾಯಿತು, ಮಡಿಕೇರಿಯಿಂದ ಬಂದೆವು ಅಂದರೆ ಯಾರೂ ಕೇಳುವುದಿಲ್ಲ. ಪುತ್ತರಿ, ಮಡಿಕೇರಿ ದಸರಾ, ಉದ್ದನೆಯ ವಾರಾಂತ್ಯಗಳಲ್ಲಿ ಕುಶಾಲನಗರ–ಮಡಿಕೇರಿ ನಡುವೆ ಪ್ರವಾಸಿಗರ ಕಾರು ತುಂಬಿ ನಿಂತಿರುತ್ತದೆ, ಆ ದಿನಗಳಲ್ಲಿ ಇನ್ನೂ ಒಂದು ಗಂಟೆ ಸೇರಿಸಿ.

ಬ್ಯಾಗಿನ ವಿಷಯ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಕೈಯಲ್ಲಿ ಹಿಡಿದುಕೊಂಡು ಹೋಗುವ ಚೀಲದಲ್ಲಿ ದ್ರವ ಪದಾರ್ಥದ ಬಾಟಲಿ ವಿದೇಶಕ್ಕೆ ಹೋಗುವಾಗ 100 ಮಿ.ಲೀ. ದಾಟುವಂತಿಲ್ಲ, ದೇಶದೊಳಗೂ ಸೆಕ್ಯುರಿಟಿಯಲ್ಲಿ ತಡೆಯಬಹುದು. ಜೇನು ದ್ರವ, ಕಾಚಂಪುಳಿ (ನಮ್ಮ ಅಡುಗೆಯ ಕಪ್ಪು ಹುಳಿ) ದ್ರವ, ಮನೆಯ ಉಪ್ಪಿನಕಾಯಿಯ ಎಣ್ಣೆಯೂ ಅದೇ ಲೆಕ್ಕ. ನಮ್ಮ ಚಿಕ್ಕಮ್ಮ ಮಗಳಿಗೆ ಅಂತ ವರ್ಷವಿಡೀ ಎತ್ತಿಟ್ಟಿದ್ದ ಕಾಚಂಪುಳಿ ಬಾಟಲಿಯನ್ನು ಸೆಕ್ಯುರಿಟಿಯಲ್ಲಿ ತೆಗೆದು ಪಕ್ಕಕ್ಕಿಟ್ಟಾಗ ಅವರ ಮುಖ ನೋಡಲಾಗಲಿಲ್ಲ. ಇವನ್ನೆಲ್ಲ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಬಟ್ಟೆಯ ನಡುವೆ ಇಟ್ಟು ದೊಡ್ಡ ಬ್ಯಾಗಿಗೆ ಹಾಕಿ. ಕಾಫಿ ಪುಡಿ, ಕರಿಮೆಣಸು, ಏಲಕ್ಕಿಗೆ ದೇಶದೊಳಗೆ ತೊಂದರೆ ಇಲ್ಲ.

ಹೋಂಸ್ಟೇ ನಡೆಸುವವರಿಗೂ ಒಂದು ಮಾತು. ಮುಂಬೈಯಿಂದಲೋ ದಿಲ್ಲಿಯಿಂದಲೋ ಬರುವ ಅತಿಥಿಗಳು ಕೊಡಗು ಕರ್ನಾಟಕದಲ್ಲಿದೆ, ಹಾಗಾಗಿ ಬೆಂಗಳೂರಿಗೇ ಇಳಿಯಬೇಕು ಅಂದುಕೊಂಡಿರುತ್ತಾರೆ. ಅವರು ಟಿಕೆಟ್ ಮಾಡುವ ಮೊದಲೇ ನಿಮ್ಮ ಮನೆಗೆ ಯಾವ ನಿಲ್ದಾಣ ಹತ್ತಿರ, ಆ ತಿಂಗಳಲ್ಲಿ ದಾರಿ ಹೇಗಿರುತ್ತದೆ ಅಂತ ಮೆಸೇಜ್ ಹಾಕಿ. ಸಂಜೆ ಐದರ ನಂತರ ಕಣ್ಣೂರಲ್ಲಿ ಇಳಿಯುವವರಿದ್ದರೆ ಮಾಕುಟ್ಟ ಗೊತ್ತಿರುವ ಊರಿನ ಡ್ರೈವರನ್ನೇ ಕಳಿಸಿ, ಆ್ಯಪ್ ಟ್ಯಾಕ್ಸಿ ಹಿಡಿದು ಬನ್ನಿ ಅಂತ ಹೇಳಬೇಡಿ. ಘಾಟಿ ಹತ್ತುವ ಮೊದಲು ಇರಿಟ್ಟಿಯಲ್ಲಿ ಒಂದು ಫೋನ್ ಮಾಡಲು ಹೇಳಿ, ಆಮೇಲೆ ಪೆರುಂಬಾಡಿ ತನಕ ಫೋನ್ ಸಿಗುವುದು ಕಷ್ಟ.